ಒಬ್ಬರೇ ಸಹಿ ಹಾಕುವ ಗೃಹಸಾಲ

ಓಕ್ಲ್ಯಾಂಡಿನ ಲೇಕ್ ಮೆರಿಟ್ ಹತ್ತಿರದ ಬಾಡಿಗೆ ಮನೆಯೊಂದರ ಅಡುಗೆಮನೆ ಮೇಜಿನ ಮೇಲೆ ಗೃಹಸಾಲದ ಅರ್ಜಿ ಹರಡಿಕೊಂಡಿತ್ತು. ಇಲ್ಲಿ ಬಹುತೇಕ ಬ್ಯಾಂಕುಗಳು ಬಳಸುವ ಫಾರ್ಮ್ 1003. ದಾವಣಗೆರೆ ಕಡೆಯ ನನ್ನ ಗೆಳತಿ ಪೆನ್ನು ಹಿಡಿದು ಮೊದಲ ಪುಟದಲ್ಲೇ ನಿಂತಿದ್ದಳು. 'ಅಕ್ಕಾ, ಇಲ್ಲಿ ಯಾವುದಕ್ಕೆ ಟಿಕ್ ಹಾಕ್ಲಿ? ಡೈವೋರ್ಸ್ ಆದವರಿಗೆ ಅಂತ ಬೇರೆ ಚೌಕಾನೇ ಇಲ್ವಲ್ಲ!'

ಇಲ್ಲ, ನಿಜ. ವಿವಾಹಿತರು, ಬೇರೆಯಾಗಿ ಬಾಳುತ್ತಿರುವವರು, ಅವಿವಾಹಿತರು ಎಂದು ಮೂರೇ ಚೌಕಗಳಿವೆ. ಮದುವೆಯೇ ಆಗದವರು, ವಿಚ್ಛೇದಿತರು, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಎಲ್ಲರೂ ಮೂರನೆಯದರಲ್ಲೇ ಬರುತ್ತಾರೆ. ಹಿಂದಿನ ವಾರ ಫೋನಿನಲ್ಲಿ ಒಬ್ಬ ಲೋನ್ ಆಫೀಸರ್ ಅವಳನ್ನು 'ಮತ್ತೆ ಮದುವೆಯಾಗುವ ಯೋಚನೆ ಇದೆಯಾ? ಇನ್ನೊಂದು ಸಂಬಳ ಸೇರಿದರೆ ಒಳ್ಳೆಯದಿತ್ತು' ಎಂದು ಕೇಳಿದ್ದನಂತೆ. ಊರಿನ ಮದುವೆಮನೆಯಲ್ಲಿ ಅತ್ತೆ, ದೊಡ್ಡಮ್ಮಂದಿರು ಈ ಪ್ರಶ್ನೆ ಕೇಳಿಯಾರು. ಸಾಲ ಕೊಡುವವನಿಗೆ ಕೇಳುವ ಅಧಿಕಾರವಿಲ್ಲ.

ಈ ರಕ್ಷಣೆ ಬಂದದ್ದು ಸಮಾನ ಸಾಲಾವಕಾಶ ಕಾಯ್ದೆಯಿಂದ. ಅಧ್ಯಕ್ಷ ಫೋರ್ಡ್ ಅದಕ್ಕೆ ಸಹಿ ಹಾಕಿದ್ದು 1974ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ದುಡಿಯುವ ಹೆಂಡತಿಯ ಸಂಬಳವನ್ನು ಬ್ಯಾಂಕುಗಳು ಅರ್ಧ ಮಾತ್ರ ಲೆಕ್ಕ ಹಿಡಿಯುವುದು, ಇಲ್ಲವೇ ಪೂರಾ ಬಿಟ್ಟುಬಿಡುವುದು ಮಾಮೂಲಾಗಿತ್ತು. ಸದ್ಯಕ್ಕೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರ ಪತ್ರ ತರಿಸಿದ್ದೂ ಉಂಟು. ಲೂಸಿಯಾನಾದ ಸಂಸದೆ ಲಿಂಡಿ ಬಾಗ್ಸ್ ಸಮಿತಿಯ ಮುಂದಿದ್ದ ಕರಡಿನಲ್ಲಿ 'ಲಿಂಗ ಅಥವಾ ವೈವಾಹಿಕ ಸ್ಥಿತಿ' ಎಂಬ ಮಾತುಗಳನ್ನು ಕೈಯಾರೆ ಬರೆದು ಸೇರಿಸಿ, ಪ್ರತಿಗಳನ್ನು ತೆಗೆದು ಸದಸ್ಯರಿಗೆ ಹಂಚಿದರು. 1972ರಲ್ಲಿ ಅಲಾಸ್ಕಾದಲ್ಲಿ ಅವರ ಪತಿ ಪ್ರಯಾಣಿಸುತ್ತಿದ್ದ ವಿಮಾನ ಕಣ್ಮರೆಯಾಗಿತ್ತು. ಒಬ್ಬಂಟಿ ಸಹಿಯ ಬೆಲೆ ಗೊತ್ತಿದ್ದವರ ಕೈಬರಹ ಅದು. ಜನಾಂಗ, ಧರ್ಮ, ಮೂಲ ದೇಶ, ವಯಸ್ಸು ಇವೆಲ್ಲ 1976ರ ತಿದ್ದುಪಡಿಯಲ್ಲಿ ಸೇರಿದವು.

ಈ ಕಾಯ್ದೆ ಇದೆಯೆಂದು ಬ್ಯಾಂಕು ನಿಮಗೆ ಸಾಲ ಕೊಡಲೇಬೇಕೆಂದಲ್ಲ. ನಿಮ್ಮ ಆದಾಯ, ಸಾಲದ ಹೊರೆ, ಕ್ರೆಡಿಟ್ ಸ್ಕೋರ್ ಇವನ್ನು ಅದು ತೂಗಬಹುದು, ತೂಗಲೇಬೇಕು. ಮಕ್ಕಳೆಷ್ಟು, ಅವರ ವಯಸ್ಸೆಷ್ಟು ಎಂದೂ ಕೇಳಬಹುದು, ಆದರೆ ದಂಪತಿಗಳನ್ನೂ ಹಾಗೆಯೇ ಕೇಳಬೇಕು. ಮುಂದೆ ಮಕ್ಕಳು ಬೇಕೇ ಎಂದು ಯಾರನ್ನೂ ಕೇಳುವಂತಿಲ್ಲ. ನಿಮ್ಮೊಬ್ಬರ ಆದಾಯವೇ ಸಾಕಾಗುವಂತಿದ್ದರೆ 'ಅಣ್ಣನದೋ ಅಪ್ಪನದೋ ಸಹಿ ಹಾಕಿಸಿ' ಎಂದು, ಒಂಟಿ ಅನ್ನುವ ಕಾರಣಕ್ಕೆ, ಒತ್ತಾಯಿಸುವಂತಿಲ್ಲ. ಹೆರಿಗೆ ರಜೆಯಲ್ಲಿದ್ದೀರಿ ಎಂಬ ಒಂದೇ ಕಾರಣಕ್ಕೆ ಅರ್ಜಿ ತಡೆಹಿಡಿಯುವುದನ್ನು ನ್ಯಾಯಯುತ ವಸತಿ ಕಾಯ್ದೆ ಬೇರೆಯಾಗಿಯೇ ನಿಷೇಧಿಸುತ್ತದೆ. 18 ವರ್ಷದೊಳಗಿನ ಮಕ್ಕಳಿರುವ ಕುಟುಂಬಗಳಿಗೆ ಆ ಕಾಯ್ದೆಯ ರಕ್ಷಣೆ ದೊರೆತದ್ದು 1988ರಲ್ಲಿ.

ಇನ್ನು ಚೈಲ್ಡ್ ಸಪೋರ್ಟ್ ಮತ್ತು ಜೀವನಾಂಶದ ವಿಷಯ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಇತರ ಆದಾಯ ಬರೆಯುವ ಜಾಗದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆಯಿದೆ: ಈ ಹಣವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಿಮಗೆ ಇಷ್ಟವಿದ್ದರೆ ಮಾತ್ರ ತಿಳಿಸಿ. ಎಂದರೆ ಹೇಳುವುದೂ ಬಿಡುವುದೂ ನಿಮ್ಮ ಕೈಯಲ್ಲಿದೆ. ನೀವೇ ಯಾರಿಗಾದರೂ ಜೀವನಾಂಶ ಕೊಡುತ್ತಿದ್ದರೆ ಅದು ಸಾಲದ ಹೊರೆ, ಅದನ್ನು ಮುಚ್ಚಿಡುವಂತಿಲ್ಲ. ಬರುವ ಹಣವನ್ನು ತೋರಿಸಿದಿರೆಂದರೆ, ಅದು ತಪ್ಪದೆ ಬರುವ ಸಾಧ್ಯತೆ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಬ್ಯಾಂಕು ಅದನ್ನು ಪರಿಗಣಿಸಲೇಬೇಕು. 'ನಾವು ಚೈಲ್ಡ್ ಸಪೋರ್ಟ್ ನೋಡೋದೇ ಇಲ್ಲ' ಎಂದು ತಳ್ಳಿಹಾಕುವುದು ಕಾನೂನಿಗೆ ವಿರುದ್ಧ.

ಇದರಲ್ಲಿ ದಿನಾಂಕದ ಲೆಕ್ಕವೊಂದಿದೆ. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದಂತೆ ಹೋಗುವ ಸಾಲಗಳಲ್ಲಿ ಈ ಹಣ ಆರು ತಿಂಗಳಿಂದ ಪೂರ್ತಿಯಾಗಿ ಬಂದಿರುವುದಕ್ಕೆ ದಾಖಲೆ ಬೇಕು, ಮುಂದೆ ಕನಿಷ್ಠ ಮೂರು ವರ್ಷ ಬರುವಂತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಚೈಲ್ಡ್ ಸಪೋರ್ಟ್ ಸಾಮಾನ್ಯವಾಗಿ ಮಗುವಿಗೆ 18 ತುಂಬುವವರೆಗೆ. ಹೈಸ್ಕೂಲ್ ಮುಗಿಯದಿದ್ದರೆ ಮುಗಿಯುವ ತನಕ, ಹೆಚ್ಚೆಂದರೆ 19ರವರೆಗೆ. ನನ್ನ ಗೆಳತಿಯ ಮಗನಿಗೆ ಆಗ 14 ವರ್ಷ 8 ತಿಂಗಳು. 'ಬೇಸಿಗೆ ರಜೆ ಕಳೀಲಿ, ಆಮೇಲೆ ನೋಡಣ' ಎಂದುಕೊಂಡಿದ್ದಳು. ಕ್ಯಾಲೆಂಡರ್ ತೆಗೆದು ಎಣಿಸಿದೆವು. ಇನ್ನು ನಾಲ್ಕೇ ತಿಂಗಳಲ್ಲಿ ಹುಡುಗನಿಗೆ 15 ತುಂಬುತ್ತಿತ್ತು. ಅಲ್ಲಿಂದಾಚೆಗೆ 18ರ ಲೆಕ್ಕದಲ್ಲಿ ಮೂರು ವರ್ಷ ಉಳಿಯುತ್ತಿರಲಿಲ್ಲ, ತಿಂಗಳು ತಿಂಗಳು ಬರುತ್ತಿದ್ದ ಅಷ್ಟೂ ಹಣ ಲೆಕ್ಕದಿಂದ ಜಾರಿಹೋಗುವ ಭಯವಿತ್ತು. ಅವಳು ಅದೇ ವಾರ ಅರ್ಜಿ ಹಾಕಿದಳು. ಈ ಹಣಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ಅದರ ಮೇಲೆ ಶೇ. 25 ಸೇರಿಸಿ ಆದಾಯವೆಂದು ಎಣಿಸಲು ಅವಕಾಶವಿದೆ. ಲೋನ್ ಆಫೀಸರ್ ತಾನಾಗಿ ಹೇಳದಿದ್ದರೆ ನೀವೇ ಕೇಳಿ. ಹಣ ಕೈಗೆ ನಗದಾಗಿ ಬರುತ್ತಿದ್ದರೆ ಇಂದೇ ಅದನ್ನು ಬ್ಯಾಂಕ್ ಖಾತೆಗೆ ಬರುವಂತೆ ಮಾಡಿಕೊಳ್ಳಿ, ನಗದಿಗೆ ಸಾಕ್ಷಿ ಇರುವುದಿಲ್ಲ.

ವಿಚ್ಛೇದನ ಇನ್ನೂ ಮುಗಿಯದವರು ಇನ್ನಷ್ಟು ಜಾಗ್ರತೆಯಿಂದಿರಬೇಕು. ಕ್ಯಾಲಿಫೋರ್ನಿಯಾ ದಂಪತಿಗಳ ಸಮುದಾಯ ಆಸ್ತಿಯ ರಾಜ್ಯ. ಮದುವೆಯ ಅವಧಿಯಲ್ಲಿ ಗಳಿಸಿದ್ದು, ಮಾಡಿದ ಸಾಲ, ಬಹುತೇಕ ಇಬ್ಬರದೂ. ಮದುವೆ ಮುರಿದು ಬೇರೆಯಾದ ದಿನದಿಂದ ನೀವು ದುಡಿದದ್ದು ಮಾತ್ರ ನಿಮ್ಮ ಸ್ವಂತದ್ದು. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ವಿಚ್ಛೇದನ ಆಗಿಬಿಡುವುದೂ ಇಲ್ಲ. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೇಲೆ ಕನಿಷ್ಠ ಆರು ತಿಂಗಳು ಕಾಯಬೇಕು. ಸಮನ್ಸ್ ಜತೆಗೇ ತಡೆಯಾಜ್ಞೆಗಳು ಅಚ್ಚಾಗಿ ಬಂದಿರುತ್ತವೆ. ಇನ್ನೊಬ್ಬರ ಲಿಖಿತ ಒಪ್ಪಿಗೆಯೋ ಕೋರ್ಟಿನ ಅಪ್ಪಣೆಯೋ ಇಲ್ಲದೆ ಆಸ್ತಿ ಮಾರುವುದು, ಅಡವಿಡುವುದು, ವರ್ಗಾಯಿಸುವುದು ನಿಷಿದ್ಧ. ಜಂಟಿ ಖಾತೆಯ ಉಳಿತಾಯ ತೆಗೆದು ಡೌನ್ ಪೇಮೆಂಟ್ ಕಟ್ಟಿದರೆ ಆ ಆಜ್ಞೆ ಮುರಿದಂತಾಗಬಹುದು. ವಕೀಲರನ್ನು ಕೇಳದೆ ಆ ಹಣ ಮುಟ್ಟಬೇಡಿ.

ಈ ಅವಧಿಯಲ್ಲಿ ಮನೆ ಕೊಂಡರೆ ಬೇರೆಯಾದ ಗಂಡನಿಂದಲೋ ಹೆಂಡತಿಯಿಂದಲೋ ಒಂದು ಹಕ್ಕು ಬಿಡುಗಡೆ ಪತ್ರ ತರಲು ಟೈಟಲ್ ಕಂಪನಿ ಹೇಳುವುದುಂಟು. ಅದು ಮನೆಯ ಮೇಲಿನ ಹಕ್ಕಿಗೆ ಸಂಬಂಧಿಸಿದ್ದು, ಸಾಲದ ಹೊಣೆಗಲ್ಲ. ಇವೆರಡನ್ನು ಒಂದೇ ಎಂದು ತಿಳಿದು ಗಾಬರಿಯಾದವರನ್ನು ನೋಡಿದ್ದೇನೆ. ಕೇಂದ್ರ ಸರ್ಕಾರದ ಎಫ್‌ಎಚ್‌ಎ ವಿಮೆಯ ಸಾಲ ಬೇಕೆಂದರೆ ಮಾತ್ರ ಇನ್ನೊಂದು ಮಾತು ನೆನಪಿಡಿ. ಮದುವೆ ಕಾನೂನಿನ ಕಣ್ಣಲ್ಲಿ ಉಳಿದಿರುವವರೆಗೆ, ಅರ್ಜಿಗೆ ಸಹಿ ಹಾಕದ ಸಂಗಾತಿಯ ಸಾಲಗಳನ್ನೂ ಈ ರಾಜ್ಯದಲ್ಲಿ ನಿಮ್ಮ ಹೊರೆಗೆ ಕೂಡಿಸುತ್ತಾರೆ. ಎಫ್‌ಎಚ್‌ಎ ಬಾಗಿಲು ವೀಸಾದ ಮೇಲಿರುವವರಿಗೆ ಈಗ ಮುಚ್ಚಿದೆ. 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದವರಿಗೆ ಆ ಸಾಲ ಸಿಗುತ್ತಿಲ್ಲ. ಎಚ್-1ಬಿ ವೀಸಾದವರಿಗೆ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ನಿಯಮಗಳ ಸಾಮಾನ್ಯ ಸಾಲದ ದಾರಿ ತೆರೆದೇ ಇದೆ. ಗಂಡನ ವೀಸಾ ಆಧಾರದ ಎಚ್-4ರಲ್ಲಿ ಇರುವವರ ವಾಸದ ಹಕ್ಕು ವಿಚ್ಛೇದನದೊಂದಿಗೆ ಮುಗಿಯುವುದರಿಂದ, ಅವರು ಮೊದಲು ಕಾಣಬೇಕಾದದ್ದು ವಲಸೆ ವಕೀಲರನ್ನು. ಮನೆಯೊಳಗೆ ಹಿಂಸೆಯಿದ್ದರೆ ಸ್ಯಾನ್ ಹೋಸೆಯ ಮೈತ್ರಿ, ಈಸ್ಟ್ ಬೇ ಭಾಗದ ನಾರಿಕಾ ದಕ್ಷಿಣ ಏಷ್ಯಾದವರಿಗೆ ನೆರವಾಗುವ ಸಂಸ್ಥೆಗಳು.

ಮನೆ ಈಗಾಗಲೇ ಇಬ್ಬರ ಹೆಸರಲ್ಲಿದ್ದು ನಿಮಗೇ ಉಳಿದರೆ? ಮನೆ ನಿಮ್ಮ ಹೆಸರಿಗೆ ಬಂತೆಂಬ ನೆಪದಲ್ಲಿ 'ಪೂರ್ತಿ ಸಾಲ ಈಗಲೇ ಕಟ್ಟಿ' ಎನ್ನಲು ಬ್ಯಾಂಕಿಗೆ ಬರುವುದಿಲ್ಲ. ವಿಚ್ಛೇದನದಿಂದಲೋ ಮರಣದಿಂದಲೋ ಸಂಗಾತಿಗೆ ಬಂದ ವಾಸದ ಮನೆಯನ್ನು 1982ರ ಗಾರ್ನ್-ಸೇಂಟ್ ಜರ್ಮೈನ್ ಕಾಯ್ದೆ ಕಾಪಾಡುತ್ತದೆ. ದಂಪತಿಗಳ ನಡುವಿನ ಅಂಥ ವರ್ಗಾವಣೆಗೆ ಆಸ್ತಿ ತೆರಿಗೆಯ ಮರುಮೌಲ್ಯಮಾಪನವೂ ಇಲ್ಲ. ಆದರೆ ಹಳೆಯ ಸಾಲಪತ್ರದಲ್ಲಿ ಇನ್ನೊಬ್ಬರ ಸಹಿಯ ಹೊಣೆ ಹಾಗೇ ಇರುತ್ತದೆ. 'ಈ ಸಾಲ ಅವನು ಕಟ್ಟಬೇಕು' ಎಂದು ಕೋರ್ಟ್ ಬರೆದರೂ ಬ್ಯಾಂಕು ಆ ಆದೇಶಕ್ಕೆ ಕಟ್ಟುಬಿದ್ದಿಲ್ಲ.

ಡೌನ್ ಪೇಮೆಂಟಿಗೆ ಊರಿನಿಂದ ಅಪ್ಪ ಅಮ್ಮ ನೆರವಾಗುವುದುಂಟು. ಭಾರತದಲ್ಲಿರುವ ಒಬ್ಬರು ಹಣಕಾಸು ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ. 20 ತೆರಿಗೆಯನ್ನು ಬ್ಯಾಂಕು ಮೊದಲೇ ಹಿಡಿಯುತ್ತದೆ. ಅಪ್ಪ ತಮ್ಮ ತೆರಿಗೆ ಲೆಕ್ಕದಲ್ಲಿ ಅದನ್ನು ಸರಿಹೊಂದಿಸಿಕೊಳ್ಳಬಹುದು. ಇಲ್ಲಿನ ಬ್ಯಾಂಕಿಗೆ 'ಇದು ಉಡುಗೊರೆ, ವಾಪಸ್ ಕೊಡಬೇಕಿಲ್ಲ' ಎಂಬ ಪತ್ರ ಬೇಕು. ವರ್ಷದಲ್ಲಿ ಒಂದು ಲಕ್ಷ ಡಾಲರ್ ಮೀರಿದರೆ ಇಲ್ಲಿನ ತೆರಿಗೆ ಇಲಾಖೆಗೆ ಫಾರ್ಮ್ 3520 ಸಲ್ಲಿಸಿ. ತೆರಿಗೆ ಇಲ್ಲದಿದ್ದರೂ, ಸಲ್ಲಿಸದಿದ್ದರೆ ದಂಡ ದೊಡ್ಡದು.

ಓಕ್ಲ್ಯಾಂಡಿನದೇ ಒಂದು ಖರ್ಚು ಹಲವರಿಗೆ ಕೊನೆಯ ಗಳಿಗೆಯಲ್ಲಿ ಗೊತ್ತಾಗುತ್ತದೆ. ಮೂರು ಲಕ್ಷದಿಂದ ಇಪ್ಪತ್ತು ಲಕ್ಷ ಡಾಲರ್‌ವರೆಗಿನ ಮನೆಗೆ ನಗರದ ವರ್ಗಾವಣೆ ತೆರಿಗೆ ಶೇ. 1.5. ಎಂಟು ಲಕ್ಷದ ಮನೆಗೆ 12,000 ಡಾಲರ್ ಆಯಿತು. ವಾಡಿಕೆಯಂತೆ ಅರ್ಧ ಕೊಳ್ಳುವವರ ತಲೆಗೆ. ನೆರವಿನ ಯೋಜನೆಗಳೂ ಇವೆ. 2016ರಲ್ಲಿ ಅಲಮೀಡಾ ಕೌಂಟಿಯ ಮತದಾರರು ಒಪ್ಪಿದ ಮೆಷರ್ ಎ1 ಬಾಂಡಿನ ಹಣದಿಂದ ಬಂದ ಎಸಿ ಬೂಸ್ಟ್ ಅವುಗಳಲ್ಲೊಂದು. ಹಣ ಇದ್ದಾಗ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಾರೆ. ಇಂಥ ಯೋಜನೆಗಳು 'ಮೊದಲ ಬಾರಿ ಮನೆ ಕೊಳ್ಳುವವರಿಗೆ' ಎಂದಿದ್ದರೆ, ಹಿಂದೆ ಮನೆ ಇತ್ತಲ್ಲ ಎಂದು ಹಿಂದೆ ಸರಿಯಬೇಡಿ. ಮದುವೆಯಲ್ಲಿದ್ದಾಗ ಸಂಗಾತಿಯ ಜತೆ ಮಾತ್ರ ಮನೆ ಹೊಂದಿದ್ದ ಒಂಟಿ ಪೋಷಕರನ್ನೂ ಕೇಂದ್ರ ವಸತಿ ಇಲಾಖೆ ಮೊದಲ ಬಾರಿಯವರೆಂದೇ ಎಣಿಸುತ್ತದೆ. ಯೋಜನೆ ಆ ವ್ಯಾಖ್ಯಾನ ಅನುಸರಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಅರ್ಜಿ ಪೂರ್ಣವಾಗಿ ಸೇರಿದ 30 ದಿನದೊಳಗೆ ಬ್ಯಾಂಕು ತೀರ್ಮಾನ ತಿಳಿಸಬೇಕು. ನಿರಾಕರಿಸಿದರೆ ನಿರ್ದಿಷ್ಟ ಕಾರಣ ಕೊಡಬೇಕು, ಇಲ್ಲವೇ 60 ದಿನದೊಳಗೆ ಕಾರಣ ಕೇಳುವ ಹಕ್ಕು ನಿಮಗಿದೆ ಎಂದು ಬರೆದು ತಿಳಿಸಬೇಕು. 'ನಮ್ಮ ಮಾನದಂಡಕ್ಕೆ ಹೊಂದಲಿಲ್ಲ' ಎಂಬುದು ಕಾರಣವಲ್ಲ. ಮನೆಯ ಮೌಲ್ಯಮಾಪನ ವರದಿಯ ಪ್ರತಿಯೂ ನಿಮ್ಮ ಹಕ್ಕು. 1937ರಲ್ಲಿ ಸರ್ಕಾರಿ ನಕ್ಷೆಯಲ್ಲೇ ಪಶ್ಚಿಮ ಓಕ್ಲ್ಯಾಂಡಿಗೆ ಕೆಂಪು ಬಳಿದು ಸಾಲ ತಪ್ಪಿಸಿದ ಊರಿದು. ಇಲ್ಲಿ ಆ ವರದಿ ಓದದೆ ಬಿಡಬೇಡಿ. ಫೋನಿನಲ್ಲಿ ಯಾರೇ ಮದುವೆ, ಮಕ್ಕಳ ಪ್ರಶ್ನೆ ಎತ್ತಿದರೂ ದಿನಾಂಕ, ಹೆಸರು, ಆಡಿದ ಮಾತು ಬರೆದಿಡಿ, ಉತ್ತರವನ್ನು ಇಮೇಲಿನಲ್ಲಿ ಕೊಡಿ. ಕೇಂದ್ರ ವಸತಿ ಇಲಾಖೆಗೆ, ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕುಗಳ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಸಮಾನ ಸಾಲಾವಕಾಶ ಕಾಯ್ದೆಯಡಿ ಕೋರ್ಟಿಗೆ ಹೋಗಲು ಐದು ವರ್ಷದ ಅವಕಾಶವಿದೆ.

ಗೆಳತಿಗೆ ಸಾಲ ಸಿಕ್ಕಿತು, ಬೇರೆ ಬ್ಯಾಂಕಿನಲ್ಲಿ. ಎಸ್ಕ್ರೋ ಕಚೇರಿಯಲ್ಲಿ ಕ್ರಯಪತ್ರ ಮುಂದಿಟ್ಟಾಗ ಅವಳ ಹೆಸರಿನ ಪಕ್ಕ 'ಒಂಟಿ ಮಹಿಳೆ' ಎಂದು ಅಚ್ಚಾಗಿತ್ತು. ಇಲ್ಲಿನ ಟೈಟಲ್ ವಾಡಿಕೆಯಲ್ಲಿ ಆ ಪದ ಮದುವೆಯೇ ಆಗದವರಿಗೆ. ವಿಚ್ಛೇದನವಾದವರಿಗೆ 'ಅವಿವಾಹಿತ ಮಹಿಳೆ', ಗಂಡ ತೀರಿಕೊಂಡವರಿಗೆ 'ವಿಧವೆ' ಎಂದು ಬರೆಯುತ್ತಾರೆ. ಮುಂದೆ ಮನೆ ಮಾರುವಾಗ 'ಆಗ ನಿಮ್ಮ ಗಂಡನಿಗೆ ಇದರಲ್ಲಿ ಪಾಲಿತ್ತೇ?' ಎಂಬ ಪ್ರಶ್ನೆ ಏಳುವುದು ಇಂಥ ಒಂದು ಪದದಿಂದ. ಅವಳು ಪೆನ್ನು ಕೆಳಗಿಟ್ಟು ತಿದ್ದಿಸಿದಳು, ಹೊಸ ಪುಟ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಪತ್ರ ಮ್ಯಾಡಿಸನ್ ಸ್ಟ್ರೀಟಿನ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಾದ ಮೇಲೆ ತಪ್ಪು ಕಂಡಿದ್ದರೆ, ತಿದ್ದುಪಡಿ ಪತ್ರ ಮಾಡಿಸಿ ಮತ್ತೆ ದಾಖಲಿಸಬೇಕಾಗುತ್ತಿತ್ತು.