ಹೊಟ್ಟೆಯ ಗೋಡೆ: ಅದರ ಸ್ನಾಯುಗಳು ಮತ್ತು ಆರೈಕೆ



ತಲೆಗೆ ಬುರುಡೆಯ ರಕ್ಷಣೆಯಿದೆ. ಎದೆಗೆ ಪಕ್ಕೆಲುಬುಗಳ ಪಂಜರವಿದೆ. ಹೊಟ್ಟೆಯ ಮುಂಭಾಗಕ್ಕೆ ಮಾತ್ರ ಒಂದು ಎಲುಬೂ ಇಲ್ಲ. ಅಲ್ಲಿ ಕರುಳು ಮೊದಲಾದ ಅವಯವಗಳನ್ನು ಹಿಡಿದಿಟ್ಟಿರುವುದು ಸ್ನಾಯುಗಳ ಗೋಡೆ. ಎಲುಬಿಲ್ಲದ ಕಾರಣದಿಂದಲೇ ಗರ್ಭವು ಬೆಳೆದಂತೆ ಅದು ಹಿಗ್ಗಿ ಎಡೆಮಾಡಿಕೊಡುತ್ತದೆ.

ಹೊಟ್ಟೆಯ ಎರಡು ಪಕ್ಕಗಳಲ್ಲಿಯೂ ಮೂರು ಮೂರು ಸ್ನಾಯುಪದರಗಳಿವೆ. ಹೊರಪದರದ ಎಳೆಗಳು, ಜುಬ್ಬದ ಪಕ್ಕದ ಜೇಬಿಗೆ ಕೈ ಹಾಕಿದಾಗ ಬೆರಳುಗಳು ಚಾಚುವಂತೆ, ಓರೆಯಾಗಿ ಕೆಳಕ್ಕಿಳಿಯುತ್ತವೆ. ನಡುಪದರದ ಎಳೆಗಳು ಅವಕ್ಕೆ ಎದುರಾಗಿ ಮೇಲಕ್ಕೇರುತ್ತವೆ. ಒಳಪದರವು ನಡುಪಟ್ಟಿಯಂತೆ ಅಡ್ಡಲಾಗಿ ಬಳಸಿದೆ. ಬುಟ್ಟಿಯ ಬಿಗಿ ಹೆಣಿಗೆಯಲ್ಲಿರುವಂತೆ ಈ ಗೋಡೆಯ ಬಲವೂ ಎಳೆಗಳು ಬೇರೆ ಬೇರೆ ದಿಕ್ಕಿಗೆ ಸಾಗುವುದರಲ್ಲಿದೆ. ಹೊಕ್ಕುಳಿನ ಎಡಬಲಗಳಲ್ಲಿ ಎರಡು ನೀಳ ಸ್ನಾಯುಗಳು ಪಕ್ಕೆಲುಬುಗಳಿಂದ ಕಿಬ್ಬೊಟ್ಟೆಯ ಕೆಳಗಿನ ಎಲುಬಿನವರೆಗೆ ಇಳಿದಿವೆ. ಅವೆರಡರ ನಡುವೆ ಸ್ನಾಯುವಿಲ್ಲ. ಗಟ್ಟಿ ನಾರಿನ ಬಿಳಿ ಪಟ್ಟಿಯೊಂದಿದೆ. ಅದೇ ಶ್ವೇತರೇಖೆ.

ಗರ್ಭಿಣಿಯಲ್ಲಿ ಈ ಶ್ವೇತರೇಖೆಯು ಅಗಲವಾಗಿ, ನೀಳ ಸ್ನಾಯುಗಳು ದೂರ ಸರಿಯುತ್ತವೆ. ಇದು ರೋಗವಲ್ಲ. ಹೆರಿಗೆಯ ನಂತರದ ಕೆಲವು ವಾರಗಳಲ್ಲಿ ಹಲವರಲ್ಲಿ ಅವು ಮತ್ತೆ ಸಮೀಪಿಸುತ್ತವೆ. ಕೆಲವರಲ್ಲಿ ಅಂತರ ಉಳಿಯುತ್ತದೆ. ಬಾಣಂತಿಯ ಹೊಟ್ಟೆಗೆ ಬಟ್ಟೆ ಕಟ್ಟುವ ರೂಢಿ ನಮ್ಮಲ್ಲಿದೆ. ಸಡಿಲವಾಗಿ ಕಟ್ಟಿದರೆ ಆಸರೆ ದೊರೆಯಬಹುದು; ಉಸಿರು ಕಟ್ಟುವಂತೆ ಬಿಗಿದರೆ ಒತ್ತಡವು ಗರ್ಭಕೋಶವನ್ನು ಹೊತ್ತಿರುವ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತದೆ. ಬಟ್ಟೆಯು ಸ್ನಾಯುವಿಗೆ ಬಲ ಕೊಡಲಾರದು. ಮಂಡಿ ಮಡಿಸಿ ಅಂಗಾತ ಮಲಗಿ, ಉಸಿರು ಬಿಡುತ್ತ ಹೊಟ್ಟೆಯನ್ನು ಮೆಲ್ಲನೆ ಒಳಗೆಳೆದು ಸಡಿಲಿಸುವ ಅಭ್ಯಾಸವು ಅದಕ್ಕಿಂತ ಮೇಲು. ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಬೇಕು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರು ವೈದ್ಯರನ್ನು ಕೇಳಿಯೇ ವ್ಯಾಯಾಮವನ್ನು ಆರಂಭಿಸತಕ್ಕದ್ದು.

ಈ ದಿನಗಳಲ್ಲಿ ತುಂಬಿದ ಕೊಡವನ್ನೂ ಹುಲ್ಲಿನ ಹೊರೆಯನ್ನೂ ಹೊರುವವರು ಯಾರು? ಪತಿಯೇ ಹೊರಬೇಕು. ಇದು ಉಪಕಾರವಲ್ಲ, ಚಿಕಿತ್ಸೆಯ ಒಂದು ಭಾಗ.

ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಬಲ ಕುಂದುವುದೆಂಬ ಭಯವು ಅನೇಕರಲ್ಲಿದೆ. ಸ್ತ್ರೀಯರಿಗೆ ಹೊಟ್ಟೆಯ ಮೇಲೆ ಮಾಡುವ ಗಾಯವು ಸಾಮಾನ್ಯವಾಗಿ 5 ಸೆಂಟಿಮೀಟರ್ ಮೀರುವುದಿಲ್ಲ; ನೀಳ ಸ್ನಾಯುಗಳನ್ನು ಕತ್ತರಿಸದೆ ಅವುಗಳ ನಡುವಿನಿಂದಲೇ ಒಳಹೋಗುತ್ತಾರೆ. ಆದರೂ ಗಾಯವು ಕೂಡುವವರೆಗೆ ಭಾರ ಎತ್ತಬಾರದು. ಪುರುಷರ ಶಸ್ತ್ರಚಿಕಿತ್ಸೆಯಲ್ಲಂತೂ ಹೊಟ್ಟೆಯ ಗೋಡೆಯನ್ನು ಮುಟ್ಟುವುದೇ ಇಲ್ಲ. ವೃಷಣಚೀಲದ ಚರ್ಮದಲ್ಲಿ ಚಿಕ್ಕ ರಂಧ್ರವೊಂದೇ ಸಾಕು. ಎರಡರಲ್ಲಿ ಇದೇ ಸುಲಭವೆಂಬುದನ್ನು ಪತಿಪತ್ನಿಯರು ಒಟ್ಟಿಗೆ ಕುಳಿತು ವಿಚಾರಿಸಬೇಕು.

ಪುರುಷರಲ್ಲಿ ತೊಡೆಸಂದಿಯ ಬಳಿ ಈ ಗೋಡೆಯು ಸಹಜವಾಗಿಯೇ ದುರ್ಬಲ. ವೃಷಣದ ನಾಳವು ಅಲ್ಲಿಂದ ಹಾದುಹೋಗುತ್ತದೆ. ಆ ದಾರಿಯಲ್ಲಿ ಕರುಳು ಹೊರಚಾಚಿದರೆ ಅದನ್ನು ಹರ್ನಿಯಾ ಎನ್ನುತ್ತಾರೆ. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಅಡಗುವ ಗಂಟು ಕಂಡರೆ ನಾಚದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಗಂಟು ಒಳಸರಿಯದೆ ಗಟ್ಟಿಯಾಗಿ, ನೋವು, ವಾಂತಿ ಆರಂಭವಾದರೆ ಕರುಳಿಗೆ ರಕ್ತ ನಿಂತಿರಬಹುದು. ಆಗ ಎಣ್ಣೆ ತಿಕ್ಕಿಸುತ್ತ ಕೂಡಬೇಡಿ. ಆ ಗಳಿಗೆಯಲ್ಲಿಯೇ, ರಾತ್ರಿಯಾಗಿದ್ದರೂ, ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಹೊರಡಿರಿ.