ಕಲ್ಲಿಕೋಟೆಯ ಮಿಠಾಯಿ ಬೀದಿ: ಬೀದಿಯ ಅಗಲವನ್ನು ಓದುವ ಪಾಠ

ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯಲ್ಲಿ ‘ಅಂಗಡಿ’ ಎಂಬ ಪದದ ಅರ್ಥವನ್ನು ಕೇಳಿದರೆ ಮಕ್ಕಳಿಂದ ಎರಡು ಉತ್ತರಗಳು ಬರುವ ಸಂಭವವುಂಟು. ಕನ್ನಡದಲ್ಲಿ ಅದು ಒಂದು ಮಳಿಗೆ. ಮಲಯಾಳದಲ್ಲಿ ಇಡೀ ಪೇಟೆ. ಕಲ್ಲಿಕೋಟೆಯ ‘ವಲಿಯಂಗಾಡಿ’ ದೊಡ್ಡ ಮಳಿಗೆಯಲ್ಲ, ದೊಡ್ಡ ಪೇಟೆ. ಹಾಗೆಯೇ ಸಂಸ್ಕೃತದ ‘ವೀಥಿ’ ಕನ್ನಡದಲ್ಲಿ ‘ಬೀದಿ’ಯಾಯಿತು, ಮಲಯಾಳದ ದಿನಬಳಕೆಯಲ್ಲಿ ಅದಕ್ಕೆ ‘ತೆರುವು’ ಎನ್ನುತ್ತಾರೆ. ಪೇಟೆಯ ಜೀವನವನ್ನು ಕುರಿತ ಪಾಠಗಳನ್ನು ಬೋಧಿಸುವ ಅಧ್ಯಾಪಕರು ಈ ಪದಗಳಿಂದಲೇ ಆರಂಭಿಸಿ, ವಿದ್ಯಾರ್ಥಿಗಳನ್ನು ಕಲ್ಲಿಕೋಟೆಯ ಮಿಠಾಯಿ ತೆರುವಿಗೆ ಕರೆದೊಯ್ಯಬಹುದು.

ಮಾನಾಂಚಿರದ ಬಳಿಯಿಂದ ದಕ್ಷಿಣಕ್ಕೆ ಸಾಗುವ ಈ ಕಿರಿದಾದ ಬೀದಿ ನಗರದ ಹಳೆಯ ವ್ಯಾಪಾರಸ್ಥಳ. ಸಾಮೂದಿರಿಯ ಕಾಲದಲ್ಲಿ ಗುಜರಾತಿನ ಮಿಠಾಯಿಗಾರರು ಬಂದು ಇಲ್ಲಿ ನೆಲೆಸಿದರೆಂದೂ, ಅವರ ಹಲ್ವವನ್ನು ಕಂಡ ಐರೋಪ್ಯರು ಅದನ್ನು ‘ಸ್ವೀಟ್ ಮೀಟ್’ ಎಂದು ಕರೆದುದರಿಂದ ‘ಎಸ್.ಎಂ. ಸ್ಟ್ರೀಟ್’ ಎಂಬ ಹೆಸರು ಬಂತೆಂದೂ ಪ್ರತೀತಿ. ಎಸ್.ಕೆ. ಪೊಟ್ಟೆಕ್ಕಾಟ್ ಅವರ ‘ಒರು ತೆರುವಿಂಡೆ ಕಥ’ ಎಂಬ ಕಾದಂಬರಿ ಈ ಬೀದಿಯ ಬದುಕನ್ನೇ ವಸ್ತುವಾಗಿಸಿಕೊಂಡಿದೆ. ಬೀದಿಯ ಉತ್ತರದ ತುದಿಯಲ್ಲಿ ಅವರ ಪ್ರತಿಮೆಯಿದೆ. ಒಂದು ನಗರವು ತನ್ನ ಬೀದಿಯ ಬಾಗಿಲಲ್ಲಿ ಆ ಬೀದಿಯ ಕಥೆಗಾರನನ್ನು ನಿಲ್ಲಿಸಿರುವುದು ಭಾಷಾ ಅಧ್ಯಾಪಕರಿಗೆ ಸಂತೋಷದ ಸಂಗತಿಯೇ ಸರಿ.

ಆದರೆ ಬೀದಿಯ ನವೀಕರಣವನ್ನು ಕೇವಲ ಅಂದಚಂದದ ಕೆಲಸವೆಂದು ಮಕ್ಕಳು ತಿಳಿಯಬಾರದು. 2007ರ ಏಪ್ರಿಲ್ ತಿಂಗಳಲ್ಲಿ ಇಲ್ಲಿಯ ಪಟಾಕಿ ಮಳಿಗೆಯಲ್ಲಿ ಹೊತ್ತಿಕೊಂಡ ಬೆಂಕಿಗೆ 8 ಮಂದಿ ಬಲಿಯಾದರು. 2017ರ ಫೆಬ್ರವರಿಯಲ್ಲಿ ಬಟ್ಟೆಯ ಮಳಿಗೆಯೊಂದು ಉರಿಯಿತು. ಒಂದಕ್ಕೊಂದು ಅಂಟಿಕೊಂಡ ಹಳೆಯ ಕಟ್ಟಡಗಳು, ತಲೆಯ ಮೇಲೆ ಜೋತುಬಿದ್ದ ತಂತಿಗಳು, ನಡುವೆ ನಿಲ್ಲಿಸಿದ ವಾಹನಗಳು, ದಾರಿಯವರೆಗೂ ಚಾಚಿದ ಸರಕು: ಇಂಥ ಸ್ಥಳದಲ್ಲಿ ಅಗ್ನಿಶಾಮಕ ವಾಹನ ಒಳಹೊಗಬೇಕಾದರೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬೆಲೆಯುಂಟು. ಬೀದಿಯ ಅಗಲವು ಇಲ್ಲಿ ಜೀವದ ಪ್ರಶ್ನೆ.

2017ರಲ್ಲಿ ನಡೆದ ನವೀಕರಣದ ಮುಖ್ಯ ಭಾಗ ಕಣ್ಣಿಗೆ ಕಾಣುವುದಿಲ್ಲ. ತಂತಿಗಳು ನೆಲದಡಿಗೆ ಹೋದವು; ಚರಂಡಿಗಳನ್ನು ಹೊಸದಾಗಿ ಕಟ್ಟಲಾಯಿತು. ಆ ಬಳಿಕವಷ್ಟೇ ಹಾಸುಗಲ್ಲು, ದೀಪಸ್ತಂಭ, ಆಸನಗಳು. ಈ ಅನುಕ್ರಮವನ್ನು ಮಕ್ಕಳಿಗೆ ಮನದಟ್ಟು ಮಾಡಿಸುವುದು ಅವಶ್ಯ. ಮೊದಲು ಮೇಲ್ಮೈಯನ್ನು ಸಿಂಗರಿಸಿ ಆಮೇಲೆ ಕೊಳವೆಗಾಗಿ ಅಗೆಯುವ ರಸ್ತೆಗಳನ್ನು ಅವರು ತಮ್ಮ ಊರುಗಳಲ್ಲಿಯೇ ಬೇಕಾದಷ್ಟು ನೋಡಿದ್ದಾರೆ!

ಅದೇ ವರ್ಷದ ಡಿಸೆಂಬರಿನಲ್ಲಿ ಬೀದಿ ಮತ್ತೆ ತೆರೆದಾಗ, ವ್ಯಾಪಾರದ ಹೊತ್ತಿನಲ್ಲಿ ವಾಹನಗಳಿಗೆ ಪ್ರವೇಶವನ್ನು ನಿಷೇಧಿಸಲಾಯಿತು. ಗಿರಾಕಿಗಳು ಬೇರೆಡೆಗೆ ಹೋದಾರೆಂಬ ಭಯದಿಂದ ವ್ಯಾಪಾರಿಗಳು ಇದನ್ನು ವಿರೋಧಿಸಿದರು. ಈ ಭಯವನ್ನು ತರಗತಿಯಲ್ಲಿ ಹಗುರವಾಗಿ ಕಾಣಬಾರದು. ಬಾಡಿಗೆ ಕೊಡಬೇಕಾದವನ ಲೆಕ್ಕ ಬೇರೆ, ಸಂಜೆಯ ಸುತ್ತಾಟಕ್ಕೆ ಬಂದವನ ಲೆಕ್ಕ ಬೇರೆ. ಕೋಪನ್‌ಹೇಗನ್ ನಗರದ ಸ್ಟ್ರೋಯೆಟ್ ಬೀದಿಯನ್ನು 1962ರಲ್ಲಿ ಪಾದಚಾರಿಗಳಿಗೆ ಬಿಟ್ಟುಕೊಟ್ಟಾಗಲೂ ಅಲ್ಲಿಯ ವರ್ತಕರು ಇದೇ ಮಾತನ್ನು ಆಡಿದ್ದರು. ಕಾಲಕ್ರಮದಲ್ಲಿ ಅದು ಆ ನಗರದ ಪ್ರಧಾನ ವ್ಯಾಪಾರದ ಬೀದಿಯಾಗಿಯೇ ಉಳಿಯಿತು. ಮೂಟೆ ಇಳಿಸುವ ಲಾರಿ ಯಾವ ಹೊತ್ತಿನಲ್ಲಿ ಬರಬೇಕು, ನಡೆಯಲಾರದ ವೃದ್ಧರು ಮಳಿಗೆಯನ್ನು ತಲುಪುವ ಬಗೆ ಹೇಗೆ ಎಂಬ ಪ್ರಶ್ನೆಗಳಿಗೂ ವಿನ್ಯಾಸವು ಉತ್ತರ ಹೇಳಬೇಕಾಗುತ್ತದೆ.

ಬೀದಿಯ ವಿನ್ಯಾಸವೆಂದರೆ ಇರುವ ಅಗಲವನ್ನು ಹಂಚುವುದು. ಒಬ್ಬರಿಗೆ ಕೊಟ್ಟ ಅಡಿ ಮತ್ತೊಬ್ಬರಿಂದ ಬಂದದ್ದು. ಮಕ್ಕಳು ಇದನ್ನು ಅಳತೆಪಟ್ಟಿ ಹಿಡಿದು ತಾವೇ ಕಂಡುಕೊಳ್ಳುವುದು ಲೇಸು. ಕುಂಬಳೆಯಾಗಲಿ, ಮಂಜೇಶ್ವರವಾಗಲಿ, ಮುಳ್ಳೇರಿಯವಾಗಲಿ, ಶಾಲೆಗೆ ಹತ್ತಿರದ ಪೇಟೆಯ ಕಾಲುದಾರಿಯನ್ನು ಆರಿಸಿಕೊಳ್ಳಬಹುದು. ಸಂಚಾರ ವಿರಳವಾದ ಹೊತ್ತಿನಲ್ಲಿ, ಇಬ್ಬರು ಅಧ್ಯಾಪಕರಾದರೂ ಜೊತೆಗಿದ್ದು ಈ ಕೆಲಸ ಮಾಡಿಸತಕ್ಕದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರ್ ಅಗಲವು ಅಡೆತಡೆಯಿಲ್ಲದೆ ಇರಬೇಕು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರಿಗೆ ಮೀರಬಾರದು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದರೆ ಒಂದನ್ನೊಂದು ದಾಟಿಹೋಗಲು ಬೇಕಾದ ಸ್ಥಳವನ್ನು 1.8 ಮೀಟರ್ ಒದಗಿಸುತ್ತದೆ ಎಂದು ವಿವರಿಸಿದರೆ ಸಂಖ್ಯೆಗೆ ಅರ್ಥ ಬರುತ್ತದೆ. ಕಂಬ, ಫಲಕ, ನಿಲ್ಲಿಸಿದ ಬೈಕು ಇವುಗಳನ್ನು ಕಳೆದು ಉಳಿದದ್ದನ್ನೇ ಅಗಲವೆಂದು ಬರೆಯತಕ್ಕದ್ದು. ಗಣಿತದ ಅಧ್ಯಾಪಕರಿಗೂ ಇಲ್ಲಿ ಕೆಲಸವಿದೆ.

ಅಳೆಯುವಾಗ ಬೀದಿಬದಿಯಲ್ಲಿ ಮಲ್ಲಿಗೆ, ಮೀನು, ತರಕಾರಿ ಮಾರುವವರು ಎದುರಾಗುತ್ತಾರೆ. ಅವರನ್ನು ಮಕ್ಕಳು ‘ಅಡೆತಡೆ’ಯ ಪಟ್ಟಿಗೆ ಸೇರಿಸಿಬಿಡುವ ಅಪಾಯವುಂಟು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಅವರ ಜೀವನೋಪಾಯಕ್ಕೆ ರಕ್ಷಣೆ ನೀಡಿದೆ. ಪಟ್ಟಣದ ಮಾರಾಟ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಬೀದಿ ವ್ಯಾಪಾರಿಗಳಿಗೇ ಮೀಸಲು. ಅವರೊಡನೆ ಮಾತನಾಡಿಸಿ, ಎಷ್ಟು ಹೊತ್ತಿಗೆ ಬರುತ್ತಾರೆ, ನೆರಳೆಲ್ಲಿ, ನೀರೆಲ್ಲಿ ಎಂದು ಕೇಳಿ ಬರೆದುಕೊಳ್ಳುವಂತೆ ಸೂಚಿಸಬೇಕು. ಸಂದರ್ಶನವು ತುಳುವಿನಲ್ಲಿಯೋ ಮಲಯಾಳದಲ್ಲಿಯೋ ನಡೆದರೆ ಅಡ್ಡಿಯಿಲ್ಲ, ವರದಿ ಮಾತ್ರ ಕನ್ನಡದಲ್ಲಿರಲಿ. ಮಾತಿನಿಂದ ಬರಹಕ್ಕೆ ದಾಟುವ ಈ ಹಂತದಲ್ಲಿಯೇ ಭಾಷೆಯ ನಿಜವಾದ ಅಭ್ಯಾಸ ನಡೆಯುತ್ತದೆ.

ವರದಿಯು ಪುಸ್ತಕದಲ್ಲಿ ಉಳಿಯಬೇಕಾಗಿಲ್ಲ. ಅಳತೆಗಳನ್ನೂ ಒಂದು ನಕ್ಷೆಯನ್ನೂ ಸೇರಿಸಿ, ತರಗತಿಯ ಪರವಾಗಿ ಸ್ಥಳೀಯ ಸರಕಾರಿ ಕಚೇರಿಗೆ ಮನವಿಯಾಗಿ ಬರೆಯಿಸಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಅದಕ್ಕೆ ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಮನವಿಯ ಪ್ರತಿಯನ್ನೂ ದಿನಾಂಕವನ್ನೂ ತರಗತಿಯ ಕಡತದಲ್ಲಿ ಇರಿಸಿಕೊಂಡು, ಬಂದ ಉತ್ತರವನ್ನು ಮುಂದಿನ ಅವಧಿಯಲ್ಲಿ ಮಕ್ಕಳೆದುರು ಓದಿಸತಕ್ಕದ್ದು.