ಮನೆಯಲ್ಲೇ ಕಟ್ಟಿ: ತಿರುಗದೆ ನೇರ ಓಡುವ ಮೋಟಾರು

ಫ್ಯಾನು, ಮಿಕ್ಸಿ, ಪಂಪ್‌ಸೆಟ್ಟು ಹೀಗೆ ನಾವು ದಿನವೂ ಕಾಣುವ ಮೋಟಾರುಗಳೆಲ್ಲ ತಿರುಗುವಂಥವು. ತಿರುಗದೆ ನೇರ ಸಾಗುವ ಮೋಟಾರೂ ಇದೆ. ಅದೇ ಲೀನಿಯರ್ ಮೋಟಾರ್. ಶಾಂಘೈನ ಮ್ಯಾಗ್ಲೆವ್ ರೈಲು ಗಂಟೆಗೆ 431 ಕಿ.ಮೀ. ವೇಗ ಮುಟ್ಟಿದ್ದು ಇದರ ಬಲದಿಂದಲೇ. ಆ ರೈಲನ್ನು ಓಡಿಸುವ ಸುರುಳಿಗಳು ಹಳಿಯ ಉದ್ದಕ್ಕೂ ಇವೆ. ರೈಲು ಎಲ್ಲಿದೆಯೋ ಆ ಭಾಗಕ್ಕೆ ಮಾತ್ರ ವಿದ್ಯುತ್ ಹರಿಯುತ್ತದೆ. ಇದೇ ಉಪಾಯವನ್ನು ಕಾಗದದ ಕೊಳವೆ, ತಾಮ್ರದ ತಂತಿ ಮತ್ತು ಎರಡು ಪೆನ್ಸಿಲ್ ಸೆಲ್‌ಗಳಲ್ಲಿ ನಾವೂ ಮಾಡಿ ನೋಡಬಹುದು.

ಮೊದಲು ಅಳತೆ ತೀರ್ಮಾನವಾಗಲಿ. 10 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ನಾಲ್ಕು ನಿಯೋಡಿಮಿಯಮ್ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿದರೆ 20 ಮಿ.ಮೀ. ಉದ್ದದ ಅಯಸ್ಕಾಂತವಾಗುತ್ತದೆ. ಓಡುವುದು ಇದೇ. ಒಂದೇ ಬಿಲ್ಲೆ ಸಾಲದು, ಅದು ಕೊಳವೆಯೊಳಗೆ ಓರೆಯಾಗಿ ಸಿಕ್ಕಿಕೊಳ್ಳಬಹುದು. ಪ್ರತಿ ಸುರುಳಿಯ ಉದ್ದವೂ 20 ಮಿ.ಮೀ. ಇರಲಿ. ಆಗ ಅಯಸ್ಕಾಂತ ಒಂದು ಸುರುಳಿಯ ನಡುವೆ ನಿಂತಾಗ ಅದರ ಮೂತಿ ಮುಂದಿನ ಸುರುಳಿಯ ಬಾಗಿಲಲ್ಲಿರುತ್ತದೆ. ಎಳೆತ ಜೋರಾಗಿ ಸಿಗುವುದು ಅಲ್ಲೇ. ಈ ಅಳತೆ ತಪ್ಪಿದರೆ ಎಷ್ಟು ಸೆಲ್ ಹಾಕಿದರೂ ಓಟ ಮುಗ್ಗರಿಸುತ್ತದೆ.

ತಂತಿಗೆ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ, 32 ಗೇಜಿನ ಎನಾಮೆಲ್ ತಂತಿ ಕೇಳಿ. 100 ಗ್ರಾಂ ಧಾರಾಳವಾಯಿತು. ಬೆಂಗಳೂರಿನವರಿಗೆ ಉಳಿದ ಸಾಮಾನು ಎಸ್.ಪಿ. ರೋಡಿನಲ್ಲಿ ಸಿಗುತ್ತದೆ.

ಕೊಳವೆ ಮಾಡಲು ಒಂದು ಪೆನ್ಸಿಲ್‌ಗೆ ಕಾಗದ ಸುತ್ತುತ್ತ ಹೋಗಿ, ಅಯಸ್ಕಾಂತಕ್ಕಿಂತ ಅರ್ಧ ಮಿ.ಮೀ. ದಪ್ಪವಾದಾಗ ನಿಲ್ಲಿಸಿ. ಅದರ ಮೇಲೆ ಇನ್ನೊಂದು ಕಾಗದವನ್ನು, ಮೊದಲ ಸುತ್ತು ಬಿಟ್ಟು ಉಳಿದದ್ದಕ್ಕೆ ಫೆವಿಕಾಲ್ ಹಚ್ಚಿ, ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ಒಣಗಿದ ಮೇಲೆ ಒಳಗಿನ ಪೆನ್ಸಿಲನ್ನು ಅದಕ್ಕೆ ಸುತ್ತಿದ ಕಾಗದದ ಸಮೇತ ಎಳೆದರೆ 15 ಸೆಂ.ಮೀ. ಉದ್ದದ ಗಟ್ಟಿ ಕೊಳವೆ ಸಿದ್ಧ. ಓರೆ ಮಾಡಿದಾಗ ಅಯಸ್ಕಾಂತ ತಾನಾಗಿ ಜಾರಬೇಕು. ಕಬ್ಬಿಣದ ಕೊಳವೆ ಬೇಡ, ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮೂ ಬೇಡ. ಅಯಸ್ಕಾಂತ ಓಡಿದಂತೆ ಆ ಕೊಳವೆಯಲ್ಲೇ ವಿದ್ಯುತ್ ಹುಟ್ಟಿ ಓಟಕ್ಕೆ ಬ್ರೇಕ್ ಹಾಕುತ್ತದೆ.

ಈಗ ಸುರುಳಿ. ಕೊಳವೆಗೆ ರಟ್ಟಿನ ಬಿಲ್ಲೆಗಳನ್ನು ತೂರಿಸಿ, 20 ಮಿ.ಮೀ. ಅಂತರದ ಐದು ಮನೆ ಮಾಡಿ. ಪ್ರತಿ ಮನೆಗೆ 300 ಸುತ್ತು, ಅಂದರೆ ಸಾಲಿಗೆ ಅರುವತ್ತರಂತೆ ಐದು ಸಾಲು. ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿ, ಶುರುವಿನ ತುದಿಗೆ ಗಂಟು ಹಾಕಿ ಗುರುತಿಡಿ. ಗಡಿಬಿಡಿ ಬೇಡ, ಇಡೀ ಕೆಲಸದ ಜೀವ ಇರುವುದು ಇಲ್ಲಿ. ಒಂದು ಸುರುಳಿ ವಿರುದ್ಧ ದಿಕ್ಕಿಗೆ ಹೋದರೂ ಅಯಸ್ಕಾಂತ ಅಲ್ಲಿಂದ ಹಿಂದಕ್ಕೆ ಓಡುತ್ತದೆ. ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ ತಾಮ್ರ ಹೊಳೆಯುವಂತೆ ಮಾಡಿ. ಮಲ್ಟಿಮೀಟರ್ ಇಟ್ಟರೆ ಸುಮಾರು 4 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಎನಾಮೆಲ್ ಇನ್ನೂ ಹೋಗಿಲ್ಲ.

ಗಂಟಿನ ತುದಿಗಳನ್ನೆಲ್ಲ ಕೂಡಿಸಿ, ಸರಣಿಯಲ್ಲಿಟ್ಟ ಎರಡು ಸೆಲ್‌ಗಳ ಋಣ ತುದಿಗೆ ಜೋಡಿಸಿ. ಉಳಿದ ಐದನ್ನು ಹಲಗೆಯ ಮೇಲೆ ಸಾಲಾಗಿ ಚುಚ್ಚಿದ ಐದು ಡ್ರಾಯಿಂಗ್ ಪಿನ್‌ಗಳಿಗೆ ಬಿಗಿಯಿರಿ. ಪಿನ್‌ಗೆ ಬಣ್ಣದ ತಲೆ ಬೇಡ, ಬರಿ ಲೋಹ ಇರಲಿ. ಧನ ತುದಿಯ ತಂತಿ ನಿಮ್ಮ ಕೈಯಲ್ಲಿ.

ಅಯಸ್ಕಾಂತವನ್ನು ಮೊದಲ ಸುರುಳಿಯೊಳಗೆ ಇಟ್ಟು ಎರಡನೇ ಪಿನ್ ಮುಟ್ಟಿಸಿ. ಟಕ್ಕನೆ ಒಳಸೇರಿದರೆ ಸರಿ. ಹಿಂದಕ್ಕೆ ಚಿಮ್ಮಿದರೆ ಅಯಸ್ಕಾಂತವನ್ನು ತಿರುಗಿಸಿ ಹಾಕಿ. ಆಮೇಲೆ ಮೂರು, ನಾಲ್ಕು, ಐದು ಎಂದು ತಂತಿಯನ್ನು ಸವರುತ್ತ ಹೋಗಿ. ಬೇಗ ಸವರಿದರೆ ಅಯಸ್ಕಾಂತ ಹಿಂದುಳಿಯುತ್ತದೆ, ಹದವಾಗಿ ಸವರಿದರೆ ಜೊತೆಗೇ ಬರುತ್ತದೆ. ಒಟ್ಟಿಗೆ ಎರಡು ಪಿನ್ ಮುಟ್ಟಿಸಿದರೆ ಎರಡರ ನಡುವೆ ನಿಲ್ಲುತ್ತದೆ, ಹಿಡಿತ ಮಾತ್ರ ಸಡಿಲ. ವಿದ್ಯುತ್ತನ್ನು ಯಾವ ಗಳಿಗೆಯಲ್ಲಿ ಯಾವ ಸುರುಳಿಗೆ ಕೊಡಬೇಕು ಎಂಬುದೇ ಮೋಟಾರಿನ ವಿದ್ಯೆ. ಅದನ್ನು ಕೈಯಿಂದ ಕಲಿಯುವ ಮೊದಲು ಮಕ್ಕಳ ಮುಂದೆ ಸರ್ಕ್ಯೂಟ್ ಬೋರ್ಡ್ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎಚ್ಚರಿಕೆಯೂ ಮುಖ್ಯ. ಒಂದೇ ಪಿನ್ ಮೇಲೆ ಕೆಲವು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಿಸಬೇಡಿ, ಸುರುಳಿ ಕಾಯುತ್ತದೆ. ಮೊಬೈಲ್ ಬ್ಯಾಟರಿ ಬಳಸಲೇಬೇಡಿ. ಈ ಅಯಸ್ಕಾಂತಗಳು ಪುಟ್ಟ ಮಕ್ಕಳ ಕೈಗೆ ಸಿಗಲೇಬಾರದು. ಎರಡನ್ನು ನುಂಗಿದರೆ ಕರುಳನ್ನು ನಡುವೆ ಹಿಡಿದು ತೂತು ಮಾಡುವಷ್ಟು ಬಲ ಅವಕ್ಕಿದೆ. ಪೇಸ್‌ಮೇಕರ್ ಹಾಕಿಸಿಕೊಂಡವರಿಂದಲೂ ದೂರವಿಡಿ.

ಕೈ ಪಳಗಿದ ಮೇಲೆ ಪಿನ್‌ಗಳ ಜಾಗಕ್ಕೆ ಟ್ರಾನ್ಸಿಸ್ಟರು, ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು ತರಬಹುದು. ಆಗ ಪ್ರತಿ ಸುರುಳಿಗೂ ಅಡ್ಡಲಾಗಿ ಒಂದು ಡಯೋಡ್ ಕಡ್ಡಾಯ. ಪಿನ್‌ನಿಂದ ತಂತಿ ಎತ್ತುವಾಗ ಕಾಣುವ ಕಿರುಕಿಡಿ, ಸುರುಳಿಯ ವಿದ್ಯುತ್ ಕಡಿದಾಗ ಚಿಮ್ಮುವ ವೋಲ್ಟೇಜಿನದು. ಡಯೋಡ್ ಇಲ್ಲದಿದ್ದರೆ ಅದು ಟ್ರಾನ್ಸಿಸ್ಟರನ್ನು ಸುಟ್ಟುಬಿಡುತ್ತದೆ.